ಮೀನನ್ನು ಮುಳುಗಿಸಿದ ಮೇಷ್ಟ್ರು

ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬ ಮೀನುಗಳನ್ನು ನೀರಿನಲ್ಲಿ ಮುಳುಗಿಸಿ ಕೊಂದ ಎಂದರೆ ಯಾರೂ ನಂಬಲಾರರು. ನಮ್ಮ ಕಾಲೇಜಿನಲ್ಲಿ ಮಾತ್ರ ಎಲ್ಲರೂ ನಂಬುತ್ತಾರೆ. ಕೊಂದವನು ನಾನೇ.

ಬಿ.ಎಸ್ಸಿ. ಹುಡುಗರಿಗೆ ಉಸಿರಾಟ, ರಕ್ತಪರಿಚಲನೆಯ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಕೆಂಪು, ನೀಲಿ ಸೀಮೆಸುಣ್ಣ ತೀಡಿದ್ದು ಸಾಕು, ಜೀವಂತ ಮೀನನ್ನೇ ತೋರಿಸೋಣ ಎಂಬ ಉಮೇದು ಬಂತು. ಸಂಜೆ ಕೆರೆ ಏರಿಗೆ ಹೋಗಿ ಕೊರವ ಮೀನು ಕೊಂಡೆ. ಹಾವಿನಂಥ ತಲೆ, ಮೊಳದುದ್ದದವು. ಬಲೆ ಬಿಡಿಸುತ್ತಿದ್ದ ಅಜ್ಜ, "ಡ್ರಮ್ಮಿಗೆ ನೀರು ಕಮ್ಮಿ ಹಾಕಿ ಮೇಷ್ಟ್ರೇ, ಮೈ ಮುಳುಗಿದ್ರೆ ಸಾಕು" ಎಂದ.

ನಾನು ನಕ್ಕೆ. ಅಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತೇನೋ. ಏರಿಯ ಮೇಲೆ ನಿಂತು ಅವನಿಗೆ ಪಾಠ ಶುರು ಮಾಡಿದೆ. ಕಿವಿರಿನಲ್ಲಿ ರಕ್ತ ಒಂದು ದಿಕ್ಕಿಗೆ, ನೀರು ಅದರೆದುರು ದಿಕ್ಕಿಗೆ ಹರಿಯುತ್ತದೆ. ಹಾಗಾಗಿ ನೀರಲ್ಲಿರುವ ಆಕ್ಸಿಜನ್ನಿನ ಬಹುಪಾಲು ರಕ್ತಕ್ಕಿಳಿದು ಹಿಮೊಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು. ಅಜ್ಜ ಪೂರ್ತಿ ಕೇಳಿಸಿಕೊಂಡು ಬೀಡಿ ಹಚ್ಚಿದ. "ಆಗ್ಲಿ ಸ್ವಾಮಿ, ಓದಿದೋರು ನೀವು" ಎಂದ.

ಡ್ರಮ್ಮಿಗೆ ಕಂಠಮಟ್ಟ ನೀರು ತುಂಬಿದೆ. ಕೊರವ ಎಗರುವ ಮೀನು, ರಾತ್ರಿ ನೆಲಕ್ಕೆ ಬಿದ್ದಾವೆಂದು ಮುಚ್ಚಳ ಅದುಮಿ ಬಿಗಿ ಮಾಡಿದೆ. ಬೆಳಿಗ್ಗೆ ಹುಡುಗರು ಸುತ್ತ ನೆರೆದರು. "ಕಿವಿರಿನ ಚಲನೆ ಗಮನಿಸಿ" ಎನ್ನುತ್ತಾ ಮುಚ್ಚಳ ತೆಗೆದೆ. ಗಮನಿಸುವಂಥ ಚಲನೆ ಯಾವುದೂ ಇರಲಿಲ್ಲ. "ಸಾರ್, ಮೀನು ನಿದ್ದೆ ಮಾಡ್ತಾವಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅಟೆಂಡರ್ ಗೋಡೆ ಕಡೆ ತಿರುಗಿ ನಿಂತಿದ್ದ; ಅವನ ಭುಜ ಕುಲುಕುತ್ತಿತ್ತು.

ಪಾಠ ನಿಲ್ಲಿಸುವಂತಿರಲಿಲ್ಲ. ಒಂದು ಮೀನಿನ ತಲೆ ಬಿಡಿಸಿದೆ. ಕಿವಿರಿನ ಮೇಲುಗಡೆ, ಎರಡೂ ಪಕ್ಕಕ್ಕೆ ಒಂದೊಂದು ಪುಟ್ಟ ಕೋಣೆ. ಒಳಗೆ ಹುಂಜದ ಜುಟ್ಟಿನ ಹಾಗೆ ಮಡಿಕೆ ಮಡಿಕೆಯಾದ ಕೆಂಪು ಪೊರೆ. ಇದನ್ನು ಪ್ರತಿವರ್ಷ ನೋಟ್ಸಿನಲ್ಲಿ ಬರೆಸುತ್ತಿದ್ದವನೂ ನಾನೇ! ಗಾಳಿಯಿಂದ ಆಕ್ಸಿಜನ್ ಹೀರುವ ಅಂಗ ಇದು; ಕೆರೆ ಬತ್ತಿದಾಗ ಮಾತ್ರ ಇದರ ಉಪಯೋಗ ಎಂದು ನಂಬಿದ್ದೆ. ಬೆಳೆದ ಕೊರವ ಎಂಥ ತಿಳಿನೀರಿನಲ್ಲಿದ್ದರೂ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು, ಬಿಡದಿದ್ದರೆ ಉಸಿರುಕಟ್ಟಿ ಸಾಯುತ್ತದೆ ಎಂಬುದು ನೋಟ್ಸಿನಲ್ಲೂ ಇರಲಿಲ್ಲ, ತಲೆಯಲ್ಲೂ ಇರಲಿಲ್ಲ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿ ಆಕ್ಸಿಜನ್ ಇದೆ. 25 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಹೆಚ್ಚೆಂದರೆ 6 ಮಿಲಿ. ಕೆಸರು ಕೆರೆಯಲ್ಲಿ ಅದಕ್ಕೂ ತತ್ವಾರ. ಗಾಳಿಯಿಂದ ಆಕ್ಸಿಜನ್ ಹೊತ್ತ ಕೊರವದ ರಕ್ತ ಮೊದಲು ಹೃದಯಕ್ಕೆ ಮರಳಿ, ಕಿವಿರಿನ ದಾರಿಯಾಗಿಯೇ ಮೈಗೆ ಹೋಗಬೇಕು. ಕಿವಿರಿನ ಪೊರೆಗಾದರೋ ಒಳಗು ಹೊರಗು ಎಂಬ ಪಕ್ಷಪಾತವಿಲ್ಲ. ಆಕ್ಸಿಜನ್ ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಸಾಗುತ್ತದೆ, ಅಷ್ಟೆ. ಕಟ್ಲ ಮೀನಿನಂಥ ದೊಡ್ಡ ಕಿವಿರಿದ್ದಿದ್ದರೆ ಗಾಳಿಯಲ್ಲಿ ಗಳಿಸಿದ್ದನ್ನೆಲ್ಲ ಕೆಸರು ನೀರಿಗೆ ಚೆಲ್ಲಬೇಕಾಗುತ್ತಿತ್ತು. ಅದಕ್ಕೇ ಕೊರವದ ಕಿವಿರು ಕಿರಿದು. ಇಂಗಾಲದ ಡೈಆಕ್ಸೈಡ್, ಅಮೋನಿಯಾ ಹೊರಹಾಕಲು ಸಾಕು, ಜೀವ ಉಳಿಸಲು ಸಾಲದು. ಕಿವಿರೆಂದರೆ ಒಳಗೆ ತೆಗೆದುಕೊಳ್ಳುವ ಅಂಗ ಎಂದಷ್ಟೇ ಕಲಿಸುತ್ತಾ ಬಂದ ನನಗೆ, ಅದು ಕಳೆದುಕೊಳ್ಳುವ ಅಂಗವೂ ಹೌದೆಂದು ಹೊಳೆದೇ ಇರಲಿಲ್ಲ.

ಅಜ್ಜ ಸಂತೆಯಲ್ಲಿ ಸಿಕ್ಕಾಗ "ಮೀನು ಹೆಂಗವೆ ಮೇಷ್ಟ್ರೇ?" ಎಂದು ಕೇಳಿದ. "ಚೆನ್ನಾಗಿವೆ" ಎಂದೆ. ಅವನು ತಲೆಯಾಡಿಸಿದ ರೀತಿ ನೋಡಿದರೆ ಅಟೆಂಡರ್ ಆಗಲೇ ವರದಿ ಒಪ್ಪಿಸಿದ್ದಿರಬೇಕು.

ಜೀವಂತ ಕೊರವ ತರುವವರಿದ್ದರೆ ಮೈ ಮುಳುಗುವಷ್ಟು ನೀರು ಹಾಕಿ, ಮೇಲೆ ಒಂದು ಗೇಣು ಖಾಲಿ ಬಿಡಿ, ಮುಚ್ಚಳಕ್ಕೆ ತೂತು ಹೊಡೆಯಿರಿ. ಕಟ್ಲ, ರೋಹುವಿಗೆ ಈ ಲೆಕ್ಕ ನಡೆಯದು. ಅವಕ್ಕೆ ಹೆಚ್ಚು ನೀರೂ ಬೇಕು, ಗಾಳಿ ಊದುವ ಪಂಪೂ ಬೇಕು.