ಮೋರಖಂಡಿಯ ದಾರಿಯಲ್ಲಿ ಒಂದು ಮನೆಯ ಲೆಕ್ಕ

ಬಸವಕಲ್ಯಾಣವನ್ನು ನೋಡಲು ಬಂದವರಲ್ಲಿ ಮೋರಖಂಡಿಯ ತನಕ ಹೋಗುವವರು ವಿರಳ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಒಂಬತ್ತನೆಯ ಶತಮಾನದ ಮೊದಲಲ್ಲಿ ದಾನಶಾಸನಗಳನ್ನು ಹೊರಡಿಸಿದ ಮಯೂರಖಂಡಿಯು ಇದೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನಾಸಿಕದ ಕಡೆಗೆ ಕೈತೋರುವವರೂ ಉಂಟು. ಕಳೆದ ಕಾರ್ತಿಕಮಾಸದಲ್ಲಿ ಅಕ್ಕಭಾವಂದಿರೊಡನೆ ನಾನು ಅಲ್ಲಿಗೆ ಹೊರಟಾಗ ಕರಿನೆಲದ ಹೊಲಗಳಲ್ಲಿ ತೊಗರಿ ಹೂವಾಗಿತ್ತು.

ಭಾವನವರು ಬಹುಕಾಲ ಇಂಗ್ಲೆಂಡಿನಲ್ಲಿದ್ದು, ಕೆಲವು ವರ್ಷಗಳ ಹಿಂದೆ ಸ್ವದೇಶಕ್ಕೆ ಮರಳಿದವರು. ಅಲ್ಲಿನ ಕಡಲತೀರದಲ್ಲಿ ಅವರದೊಂದು ಮನೆಯುಂಟು. ರಜೆ ಕಳೆಯಲು ಬರುವವರಿಗೆ ಅದನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಮಾತಿಗೆ ಮಾತು ಬೆಳೆದು, ಈ ಸಲದ ಆದಾಯ ತೆರಿಗೆಯ ವಿವರಪತ್ರದಲ್ಲಿ ಆ ಮನೆಯ ಸುದ್ದಿಯನ್ನೇ ಅವರು ಎತ್ತಿಲ್ಲವೆಂಬುದು ಹೊರಬಿದ್ದಿತು.

"ಅಲ್ಲಿಯ ತೆರಿಗೆಯನ್ನು ಅಲ್ಲಿಯೇ ತೆತ್ತಿದ್ದೇನಲ್ಲ!" ಎಂದರು.

"ಬಸವಣ್ಣನವರು ಭಂಡಾರಿಗಳಾಗಿದ್ದ ಊರಿಗೆ ಕೈಮುಗಿದು ಬಂದೆವು. ಲೆಕ್ಕವನ್ನು ಮುಚ್ಚಿಟ್ಟುಕೊಂಡು ಮುಗಿದ ಕೈಗೆ ಏನು ಬೆಲೆ?" ಎಂದಳು ಅಕ್ಕ.

ಆ ಮಾತು ಸಲ್ಲತಕ್ಕದ್ದೇ. ಬಿಜ್ಜಳನ ಆಸ್ಥಾನದಲ್ಲಿ ಸೊಡ್ಡಳ ಬಾಚರಸನು ಕರಣಿಕನಾಗಿದ್ದನು. ಸುಂಕದ ಬಂಕಣ್ಣನು ಸುಂಕ ವಸೂಲುಮಾಡುತ್ತಲೇ ವಚನಕಾರನಾದನು. ಲೆಕ್ಕದ ಶುದ್ಧಿಯು ಶರಣರಿಗೆ ಕಾಯಕದ ಶುದ್ಧಿಯೇ ಆಗಿತ್ತು.

ವಿಷಯವನ್ನು ವಾಚಕರೂ ತಿಳಿದಿರುವುದು ಒಳ್ಳೆಯದು. ಹೊರದೇಶದಿಂದ ಮರಳಿದವರಿಗೆ ಮೊದಲ ಎರಡು ಮೂರು ವರ್ಷ, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಅಲ್ಲಿಯ ಬಾಡಿಗೆಗೆ ಇಲ್ಲಿ ತೆರಿಗೆಯಿಲ್ಲ. ಆ ಅವಧಿ ಕಳೆದು ಪೂರ್ಣ ನಿವಾಸಿಯಾದ ಮೇಲೆ ಲೋಕದ ಯಾವ ಮೂಲೆಯಿಂದ ಬಂದ ಆದಾಯವನ್ನೂ, ಅಲ್ಲಿನ ಆಸ್ತಿಯನ್ನೂ ವಿವರಪತ್ರದಲ್ಲಿ ಕಾಣಿಸತಕ್ಕದ್ದು. ಹೊರದೇಶದ ಮನೆಯನ್ನು ಕಾಣಿಸದಿದ್ದರೆ 2015ರ ಕಾಯಿದೆಯ ಮೇರೆಗೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಹಾಗೆಂದು ಒಂದೇ ಬಾಡಿಗೆಗೆ ಎರಡು ಸಲ ಪೂರ್ತಿ ತೆರಿಗೆ ತೆರಬೇಕೆಂದಲ್ಲ. ಎರಡು ದೇಶಗಳ ನಡುವೆ 1993ರಲ್ಲಾದ ಒಪ್ಪಂದದಂತೆ, ಅಲ್ಲಿ ತೆತ್ತದ್ದನ್ನು ಪುರಾವೆಸಹಿತ ತೋರಿಸಿದರೆ ಇಲ್ಲಿಯ ತೆರಿಗೆಯಲ್ಲಿ ಮಿತಿಯೊಳಗೆ ವಜಾ ದೊರೆಯುವುದು. ಆದರೆ ನಮ್ಮ ವರ್ಷ ಏಪ್ರಿಲ್ 1ಕ್ಕೆ ಮೊದಲಾಗುತ್ತದೆ, ಅವರದು ಏಪ್ರಿಲ್ 6ಕ್ಕೆ. ಕಳೆಯತಕ್ಕ ಖರ್ಚುಗಳ ನಿಯಮವೂ ಬೇರೆ. ರಜೆಯ ಮನೆಗಳಿಗೆಂದು ಅಲ್ಲಿದ್ದ ವಿಶೇಷ ರಿಯಾಯಿತಿಗಳು 2025ರ ಏಪ್ರಿಲಿನಲ್ಲಿ ನಿಂತುಹೋದುವು.

ಆದುದರಿಂದ ಲೆಕ್ಕಿಗರನ್ನು ಆರಿಸುವಾಗ ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಅಕೌಂಟೆಂಟ್ ಎಂದು ಯಾರು ಬೇಕಾದರೂ ಹೆಸರಿಟ್ಟುಕೊಳ್ಳಬಹುದು. ಚಾರ್ಟರ್ಡ್ ಎಂಬ ಪದವಿ ಮಾತ್ರ ಸಂಸ್ಥೆಯ ಸದಸ್ಯರಿಗೇ ಮೀಸಲು. ನಮ್ಮಲ್ಲಿ 1949ರ ಕಾಯಿದೆಯಂತೆ ಸ್ಥಾಪಿತವಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯುಂಟು. ಸದಸ್ಯತ್ವವನ್ನು ಪರೀಕ್ಷಿಸಿ, "ಹೊರದೇಶದ ಬಾಡಿಗೆಯ ಲೆಕ್ಕವನ್ನು ಹಿಂದೆ ಮಾಡಿದ್ದೀರಾ? ಅಲ್ಲಿಯ ಲೆಕ್ಕಿಗರೊಡನೆ ಪತ್ರವ್ಯವಹಾರ ನಡೆಸುವಿರಾ? ಶುಲ್ಕವೆಷ್ಟು?" ಎಂದು ಮೊದಲೇ ಕೇಳಬೇಕು. "ಹೇಳದಿದ್ದರೆ ಯಾರಿಗೆ ತಿಳಿದೀತು?" ಎನ್ನುವವರನ್ನು ದೂರದಿಂದಲೇ ಬೀಳ್ಕೊಡುವುದು ಲೇಸು.

ಮೋರಖಂಡಿಯಿಂದ ಮರಳುವಾಗ ಹೊತ್ತು ಇಳಿದಿತ್ತು. ಬಹಳ ಹೊತ್ತು ಸುಮ್ಮನಿದ್ದ ಭಾವನವರು, "ಪತ್ರವನ್ನು ತಿದ್ದಿ ಸಲ್ಲಿಸಲು ಈ ವರ್ಷ ಇನ್ನೂ ಅವಧಿಯುಂಟಲ್ಲವೆ?" ಎಂದು ಕೇಳಿದರು. ಉಂಟು ಎಂದೆ. "ಹಾಗಾದರೆ ನಾಳೆ ಬೀದರಿಗೆ ಹೋಗೋಣ" ಎಂದರು. ಅಕ್ಕನು ಮಾತಾಡಲಿಲ್ಲ; ಬುತ್ತಿಯ ಗಂಟು ಬಿಚ್ಚಿ ಅವರ ಕೈಗೆ ಮೊದಲ ರೊಟ್ಟಿಯನ್ನಿತ್ತಳು.