ಮರಿಯನ್ನು ಯಾರ ಕೈಗೆ ಒಪ್ಪಿಸುವುದು?

ನಮ್ಮ ಮನೆಯಲ್ಲಿ ಒಂದು ಗಂಡು ಕುದುರೆ ಇದೆ ಎಂದರೆ ಮೈಸೂರಿನ ಬಂಧುಗಳು ಮೊದಲು ನಗುತ್ತಾರೆ. ಆಮೇಲೆ ಯಾರಾದರೊಬ್ಬರು, 'ರಕ್ತದ ಗುಣ ಎಲ್ಲಿ ಹೋಗುತ್ತದೆ, ಜಟಕಾ ಸಾಬರ ಮೊಮ್ಮಕ್ಕಳಲ್ಲವೇ' ಎನ್ನುತ್ತಾರೆ.

ಆ ಮಾತು ಸುಳ್ಳಲ್ಲ. ನಮ್ಮ ಅಜ್ಜ ಮೈಸೂರಿನ ರೈಲು ನಿಲ್ದಾಣದ ಮುಂದೆ ಜಟಕಾ ಗಾಡಿ ಓಡಿಸಿ ಮಕ್ಕಳನ್ನು ಸಾಕಿದವರು. ನಾವು ಗಂಡ ಹೆಂಡತಿ ಅಮೆರಿಕದ ಟೆಕ್ಸಾಸ್‌ಗೆ ಬಂದು ನೆಲೆಸಿ ಹದಿನೆಂಟು ವರ್ಷಗಳಾದವು. ಫೋರ್ಟ್ ವರ್ತ್ ನಗರದ ಪಶ್ಚಿಮಕ್ಕೆ, ವೆದರ್‌ಫೋರ್ಡ್ ಊರಿನಾಚೆ ನಮ್ಮ ಮನೆ. ಸುತ್ತಮುತ್ತ ಎಲ್ಲಿ ನೋಡಿದರೂ ಕುದುರೆಗಳು. ನಮ್ಮ ಮಗಳು ಹತ್ತನೆಯ ವಯಸ್ಸಿಗೇ ನೆರೆಮನೆಯ ವೃದ್ಧೆಯ ಮುದಿ ಕುದುರೆಯ ಮೇಲೆ ಸವಾರಿ ಕಲಿತಳು. ಆ ತಾಯಿ ಊರು ಬಿಟ್ಟು ಮಗನ ಮನೆಗೆ ಹೊರಟಾಗ, ತಮ್ಮ ಹೆಣ್ಣು ಕುದುರೆ ಈದಿದ್ದ ಕೊನೆಯ ಗಂಡು ಮರಿಯನ್ನು ಕಡಿಮೆ ಬೆಲೆಗೆ ನಮಗೆ ಕೊಟ್ಟರು. 'ಇದನ್ನು ಕೆಡಿಸುವವರ ಕೈಗೆ ಕೊಡಬೇಡಿ' ಎಂಬುದಷ್ಟೇ ಅವರ ಷರತ್ತು. ನಾವು ತಲೆಯಾಡಿಸಿದೆವು. ಆ ಮಾತಿನ ಭಾರ ಆಗ ನಮಗೆ ತಿಳಿಯಲಿಲ್ಲ.

ಮಗಳ ಆಸೆ ಬ್ಯಾರಲ್ ರೇಸಿಂಗ್. ಮೈದಾನದಲ್ಲಿ ಮೂರು ಪೀಪಾಯಿಗಳನ್ನು ತ್ರಿಕೋನದಂತೆ ನಿಲ್ಲಿಸಿರುತ್ತಾರೆ. ಮೊದಲ ಎರಡರ ನಡುವೆ 90 ಅಡಿ, ಅವೆರಡರಿಂದ ಮೂರನೆಯದಕ್ಕೆ 105 ಅಡಿ, ಇದು ನಿಗದಿಯಾದ ಅಳತೆ. ಸವಾರಳು ಶರವೇಗದಲ್ಲಿ ಬಂದು ಮೂರನ್ನೂ ಒಂದೊಂದಾಗಿ ಸುತ್ತಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಪೀಪಾಯಿ ಉರುಳಿದರೆ 5 ಸೆಕೆಂಡು ದಂಡ. ಒಳ್ಳೆಯ ಕುದುರೆ ಇಷ್ಟನ್ನೂ ಸುಮಾರು 17 ಸೆಕೆಂಡಿನಲ್ಲಿ ಮುಗಿಸುತ್ತದೆ. ಇದು ಹೆಚ್ಚಾಗಿ ಹೆಣ್ಣುಮಕ್ಕಳ ಆಟ. 1948ರಲ್ಲಿ ಇದೇ ಟೆಕ್ಸಾಸ್‌ನ ಸ್ಯಾನ್ ಆ್ಯಂಜೆಲೋದಲ್ಲಿ 38 ಮಂದಿ ಮಹಿಳೆಯರು ಸೇರಿ ತಮ್ಮದೇ ಸಂಘ ಕಟ್ಟಿಕೊಂಡು, ರೋಡಿಯೋ ಮೈದಾನದಲ್ಲಿ ತಮಗೂ ಸ್ಥಾನ ಬೇಕೆಂದು ಹೋರಾಡಿದ್ದರ ಫಲ.

ನೋಡುವವರಿಗೆ ಹದಿನೇಳು ಸೆಕೆಂಡಿನ ಆಟ. ಕುದುರೆಗೆ ಅದು ವರ್ಷಗಳ ಪಾಠ. ಪೂರ್ತಿ ವೇಗದಲ್ಲಿರುವ ಅರ್ಧ ಟನ್ ತೂಕದ ದೇಹ ಹಿಂಗಾಲಿನ ಮೇಲೆ ಕುಸಿದು, ಬಾಗಿ, ತಿರುಗಿ ಮತ್ತೆ ಓಡಬೇಕು. ಆ ಸೆಳೆತವೆಲ್ಲ ಕೀಲುಗಳ ಮೇಲೆ ಬೀಳುತ್ತದೆ. ಕುದುರೆಯ ಮುಂಗಾಲಿನ ಮಂಡಿಯ ಮೇಲಿನ ಎಲುಬಿನ ತುದಿ ಬಲಿಯುವುದಕ್ಕೇ ಎರಡು, ಎರಡೂವರೆ ವರ್ಷ ಬೇಕು. ಬೆನ್ನೆಲುಬು ಪೂರ್ತಿ ಬಲಿಯಲು ಐದು ವರ್ಷ ದಾಟುತ್ತದೆ. ಆದರೆ ದೊಡ್ಡ ಬಹುಮಾನದ ಹಣವಿರುವುದು 'ಫ್ಯೂಚುರಿಟಿ' ಎಂಬ, ನಾಲ್ಕೈದು ವರ್ಷದ ಹೊಸ ಕುದುರೆಗಳ ಸ್ಪರ್ಧೆಗಳಲ್ಲಿ. ಹಾಗಾಗಿ ಎರಡು ವರ್ಷಕ್ಕೇ ಬೆನ್ನ ಮೇಲೆ ಜೀನು ಬೀಳುತ್ತದೆ.

ನಮ್ಮ ಮರಿಗೆ ಎರಡೂವರೆ ವರ್ಷವಾದಾಗ ಟ್ರೇನರ್‌ನನ್ನು ಹುಡುಕಲು ಹೊರಟೆವು. ಮೊದಲು ಹೋದವರ ಕಚೇರಿಯ ಗೋಡೆಯ ತುಂಬ ಗೆದ್ದ ಬೆಳ್ಳಿಯ ಬೆಲ್ಟ್ ಬಕಲ್‌ಗಳು ಮಿನುಗುತ್ತಿದ್ದವು. ಮಗಳ ಕಣ್ಣು ಅಲ್ಲೇ ನೆಟ್ಟಿತು, ನಮ್ಮದೂ ಸಹ. 'ನಾಲ್ಕು ವರ್ಷಕ್ಕೆ ಫ್ಯೂಚುರಿಟಿಗೆ ಸಿದ್ಧವಾಗಬೇಕು' ಎಂದೆವು. 'ಆಗುತ್ತದೆ' ಎಂದರು. ಲಾಯದೊಳಗೆ ಹೋಗಿ ಬೇರೆ ಕುದುರೆಗಳು ಹೇಗಿವೆ ಎಂದು ನೋಡುವ ಗೋಜಿಗೆ ನಾವು ಹೋಗಲಿಲ್ಲ.

ವಾರಕ್ಕೊಮ್ಮೆ ಫೋನಿಗೆ ವಿಡಿಯೋ ಬರುತ್ತಿತ್ತು. ಎರಡನೆಯ ತಿಂಗಳಲ್ಲೇ ಮರಿ ಪೀಪಾಯಿ ಸುತ್ತಿ ಓಡುತ್ತಿತ್ತು. ಮಗಳು ಅದನ್ನು ಗೆಳತಿಯರಿಗೆಲ್ಲ ತೋರಿಸಿದಳು. ಅರವತ್ತನೆಯ ದಿನ ಮುಂಚಿತವಾಗಿ ತಿಳಿಸದೆ ಹೋದೆವು. ನಮ್ಮನ್ನು ಕಂಡರೆ ಬೇಲಿಯ ತನಕ ಓಡಿ ಬರುತ್ತಿದ್ದ ಮರಿ ಮೂಲೆಗೆ ಮುಖ ಮಾಡಿ ನಿಂತಿತ್ತು. ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು. ಕಡಿವಾಣ ಉಜ್ಜಿ ಬಾಯಿಯ ಎರಡೂ ಕೊನೆಗಳಲ್ಲಿ ಹುಣ್ಣಾಗಿತ್ತು. ಮೈದಾನದ ಗೇಟು ಕಂಡೊಡನೆ ಅದರ ಎದೆಯ ಮೇಲೆ ಬೆವರು ಒಡೆಯಿತು.

ಆ ಟ್ರೇನರ್ ನಮಗೆ ಸುಳ್ಳು ಹೇಳಿರಲಿಲ್ಲ. 'ನೀವು ಕೇಳಿದ ಅವಧಿಯಲ್ಲಿ ಸಿದ್ಧವಾಗಬೇಕಾದರೆ ದಾರಿ ಇದೇ' ಎಂದರು. ಯೋಚಿಸಿದರೆ ತಪ್ಪು ನಮ್ಮ ಪ್ರಶ್ನೆಯಲ್ಲೇ ಇತ್ತು. ಮರಿಯನ್ನು ಅಂದೇ ಮನೆಗೆ ಕರೆತಂದೆವು. ಮಂಡಿ ಊದಿಕೊಂಡಿತ್ತು. ಪಶುವೈದ್ಯರು ಎಕ್ಸ್‌-ರೇ ತೆಗೆದು, ನಾಲ್ಕು ತಿಂಗಳು ಹುಲ್ಲುಗಾವಲಿಗೆ ಬಿಡಿ, ಜೀನು ಹಾಕಬೇಡಿ ಎಂದರು.

ಆ ನಾಲ್ಕು ತಿಂಗಳಲ್ಲಿ ಅಜ್ಜ ಮತ್ತೆ ಮತ್ತೆ ನೆನಪಾದರು. ಅವರಿಗೆ ಜ್ವರ ಬಂದಾಗ ಗಾಡಿಯನ್ನು ದಿನದ ಬಾಡಿಗೆಗೆ ಬೇರೆಯವರಿಗೆ ಕೊಡಬೇಕಾಗುತ್ತಿತ್ತು. ಕೇಳಲು ಬಂದವರು ಮೊದಲು ಚಾವಟಿಗೆ ಕೈ ಹಾಕಿದರೆ ಹಿಂದಕ್ಕೆ ಕಳುಹಿಸುತ್ತಿದ್ದರಂತೆ. ಮೊದಲು ನೀರಿನ ಬಕೆಟ್ ನೋಡಿ, ಪಟ್ಟಿಯ ಕೆಳಗೆ ಬೆರಳು ತೂರಿಸಿ ಚರ್ಮ ಉಜ್ಜಿದೆಯೇ ಎಂದು ಪರೀಕ್ಷಿಸಿದವನಿಗೆ ಲಗಾಮು ಕೊಡುತ್ತಿದ್ದರು. 'ಸಂಜೆ ಹಣ ಎಷ್ಟು ತಂದ ಎಂದು ಆಮೇಲೆ ನೋಡು, ಕುದುರೆ ಹೇಗೆ ತಂದ ಎಂದು ಮೊದಲು ನೋಡು' ಎಂಬುದು ಅವರ ಮಾತು. ಬಾಲ್ಯದಲ್ಲಿ ನೂರು ಸಲ ಕೇಳಿದ್ದ ಮಾತು. ಬೇಕಾದ ಹೊತ್ತಿಗೆ ಮರೆತೇ ಹೋಗಿತ್ತು.

ಎರಡನೆಯ ಸಲ ಮೂವರನ್ನು ಕಂಡೆವು. ಮೊದಲನೆಯವರು, 'ಬೀಜದ ಕುದುರೆಯನ್ನು ಇಟ್ಟುಕೊಳ್ಳುವಷ್ಟು ಗಟ್ಟಿಯಾದ ಬೇಲಿ ನಮ್ಮಲ್ಲಿಲ್ಲ, ಹೆಣ್ಣು ಕುದುರೆಗಳೂ ಇವೆ' ಎಂದು ನೇರವಾಗಿ ನಿರಾಕರಿಸಿದರು. ಆ ನಿರಾಕರಣೆಗೆ ಇಂದಿಗೂ ಕೃತಜ್ಞರಾಗಿದ್ದೇವೆ. ಎರಡನೆಯವರು ನಾವು ಕೇಳಿದ್ದಕ್ಕೆಲ್ಲ 'ಸರಿ' ಎಂದರು. ಎಲ್ಲಕ್ಕೂ ಸರಿ ಎನ್ನುವವರ ಬಗ್ಗೆ ಈಗ ನಮಗೆ ಭಯ.

ಮೂರನೆಯವರು ಅರವತ್ತು ದಾಟಿದ ಒಬ್ಬ ಮಹಿಳೆ. ಅವರ ಗೋಡೆಯ ಮೇಲೆ ಏನೂ ಇರಲಿಲ್ಲ. ಅವರು ಲಾಯದೊಳಗೆ ಕಾಲಿಟ್ಟಾಗ ಒಂದೊಂದೇ ಬಾಗಿಲಿನಿಂದ ಕುದುರೆಗಳ ತಲೆಗಳು ಹೊರಬಂದವು. ನಾವು ಅಂದು ನೋಡಿದ್ದು ಅದನ್ನೇ. ನಮ್ಮೆದುರೇ ಒಂದು ಹೆಣ್ಣು ಕುದುರೆ ಗೇಟಿನ ಬಳಿ ಹಠ ಹಿಡಿಯಿತು. ಅವರು ಹೊಡೆಯಲಿಲ್ಲ, ಇಳಿದರು. ಅದರ ಜತೆ ನಡೆಯುತ್ತಾ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದರು. ಇಪ್ಪತ್ತು ನಿಮಿಷ ಅದೇ ಕೆಲಸ.

ನಾವು ಪ್ರಶ್ನೆ ಕೇಳುವ ಮೊದಲೇ ಅವರು ಕೇಳಿದರು. ಎಕ್ಸ್‌-ರೇ ಎಲ್ಲಿ? ಏನು ತಿನ್ನಿಸುತ್ತೀರಿ? ಕೊನೆಗೆ ಇದನ್ನು ಓಡಿಸುವವರು ಯಾರು? ಮಗಳು ಎಂದಾಗ, 'ಹಾಗಾದರೆ ಪ್ರತಿ ಶನಿವಾರ ಅವಳೂ ಬರಬೇಕು. ಕುದುರೆ ನನ್ನ ಕೈಗೆ ಒಗ್ಗಿ, ಅವಳ ಕೈಗೆ ಒಗ್ಗದಿದ್ದರೆ ನಿಮ್ಮ ಹಣ ದಂಡ' ಎಂದರು. ಮೊದಲ ಮೂರು ತಿಂಗಳು ಪೀಪಾಯಿಯ ಮಾತೇ ಎತ್ತುವಂತಿಲ್ಲ ಎಂದೂ ಹೇಳಿದರು. ನಾಲ್ಕು ವರ್ಷಕ್ಕೆ ಫ್ಯೂಚುರಿಟಿ? 'ಇಲ್ಲ.'

ಆಮೇಲೆ ನಾವು ತಪ್ಪಿಸಿಕೊಳ್ಳುತ್ತಿದ್ದ ವಿಷಯಕ್ಕೆ ಬಂದರು. ಮರಿಯ ಬೀಜ ಒಡೆಸದೆ ಏಕೆ ಇಟ್ಟಿದ್ದೀರಿ? ಗೆದ್ದರೆ ಮುಂದೆ ತಳಿಗೆ ಬಿಟ್ಟು ಸಂಪಾದಿಸಬಹುದೆಂದು ಪರಿಚಯದವರು ನಮ್ಮ ತಲೆಗೆ ತುಂಬಿದ್ದರು. ಅವರು ನಕ್ಕು ಸ್ಕ್ಯಾಂಪರ್‌ನ ಕಥೆ ಹೇಳಿದರು. ಚಾರ್ಮೇನ್ ಜೇಮ್ಸ್ 1984ರಿಂದ 1993ರವರೆಗೆ ಸತತ ಹತ್ತು ವಿಶ್ವ ಪ್ರಶಸ್ತಿ ಗೆದ್ದದ್ದು ಆ ಕುದುರೆಯ ಮೇಲೆ. 1985ರ ರಾಷ್ಟ್ರೀಯ ಅಂತಿಮ ಸ್ಪರ್ಧೆಯಲ್ಲಿ ತಲೆಪಟ್ಟಿ ಕಳಚಿಕೊಂಡರೂ ಅದು ಮೂರು ಪೀಪಾಯಿಗಳನ್ನೂ ಸುತ್ತಿ ಬಂದು ಆ ಸುತ್ತು ಗೆದ್ದಿತ್ತು. ಅದು ಬೀಜ ಒಡೆಸಿದ ಕುದುರೆ! ಅದರ ತಳಿ ಉಳಿಯಲೆಂದು 2006ರಲ್ಲಿ ತದ್ರೂಪಿ ಮರಿಯನ್ನೇ ಹುಟ್ಟಿಸಬೇಕಾಯಿತು. 'ಗೆಲ್ಲಲು ಬೀಜ ಬೇಕಿಲ್ಲ. ಬೀಜದ ಕುದುರೆ ಬಹುಪಾಲು ಜೀವನವನ್ನು ಒಂಟಿಯಾಗಿ ಕಳೆಯುತ್ತದೆ, ಇದೂ ನಿಮಗೆ ತಿಳಿದಿರಲಿ. ಒಂದು ವರ್ಷ ನೋಡುತ್ತೇನೆ. ಹೆಣ್ಣು ಕುದುರೆಗಳ ನಡುವೆ ಇವನ ಮನಸ್ಸು ಕೆಲಸದಲ್ಲಿ ನಿಲ್ಲದಿದ್ದರೆ ಹೇಳುತ್ತೇನೆ. ಆಗ ನೀವು ಕೇಳಬೇಕು. ಈಗಲೇ ಮಾತು ಕೊಡಿ' ಎಂದರು.

ಮಾತು ಕೊಟ್ಟೆವು. ದಾರಿಯುದ್ದಕ್ಕೂ ಮಗಳು ಕಿಟಕಿಯಿಂದಾಚೆಗೇ ನೋಡುತ್ತಿದ್ದಳು. ಮನೆ ತಲುಪಿದ ಮೇಲೆ, 'ಅಬ್ಬಾ, ಅಮ್ಮಿ, ಆ ಸ್ಪರ್ಧೆ ನನ್ನ ಕೈಬಿಟ್ಟ ಹಾಗೆಯೇ ಅಲ್ಲವೇ?' ಎಂದು ಅತ್ತಳು. ಹೌದೆಂದೇ ಹೇಳಬೇಕಾಯಿತು. ಕಾಲೇಜಿಗೆ ಹೋಗುವ ಮೊದಲು ಅವಳಿಗೆ ಇನ್ನೊಂದು ಅವಕಾಶ ಸಿಗಲಾರದು. ಕುದುರೆಯ ಎಲುಬು ನಮ್ಮ ಮಗಳ ಆಸೆಗಾಗಿ ಬೇಗ ಬಲಿಯುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಎರಡು ದಿನ ಮಾತಾಡಲಿಲ್ಲ. ಶನಿವಾರ ಬೆಳಗ್ಗೆ ನಾವು ಕರೆಯುವ ಮೊದಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಈಗ ಮರಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದೆ. ಪೀಪಾಯಿಗಳ ಸುತ್ತ ಇನ್ನೂ ಓಡುವುದಿಲ್ಲ, ದುಡುಕದೆ ದುಲಕಿ ನಡೆಯುತ್ತದೆ. ಬೀಜ ಒಡೆಸುವ ವಿಷಯ ತೀರ್ಮಾನವಾಗಿಲ್ಲ. ಅವರ ವರ್ಷ ಮುಗಿಯಲು ಇನ್ನೂ ಕೆಲವು ತಿಂಗಳಿವೆ. ತಿಂಗಳಿಗೆ ಸಾವಿರ ಡಾಲರ್ ಮೀರುವ ಖರ್ಚು ನಮ್ಮಂಥವರಿಗೆ ಹಗುರವಲ್ಲ. ಬಕಲ್ ಒಂದೂ ಬಾರದೆ ಹೋಗಬಹುದು.

ಮಾತು ಬಾರದ ಜೀವ ತನ್ನ ಗುರುವಿನ ಮೇಲೆ ದೂರು ಕೊಡಲಾರದು. ನೋಡುವ ಹೊಣೆ ಒಪ್ಪಿಸಿದವರದೇ. ಮಕ್ಕಳನ್ನು ಕೋಚಿಂಗ್ ಸೆಂಟರ್‌ಗಳಿಗೆ ಸೇರಿಸುವಾಗ ನಾವೆಲ್ಲರೂ ಗೋಡೆಯ ಮೇಲಿನ ರ್‍ಯಾಂಕುಗಳನ್ನು ನೋಡುತ್ತೇವೆ. ಒಳಗೆ ಕುಳಿತ ಮಕ್ಕಳ ಮುಖ ನೋಡುವವರು ಎಷ್ಟು ಮಂದಿ?

ಕಳೆದ ಶನಿವಾರ ನಾವು ಹೋದಾಗ ಮರಿ ಬೇಲಿಯ ತನಕ ಬಂತು. ಮಗಳು ಜೀನಿನ ಪಟ್ಟಿ ಬಿಗಿಯುವ ಮೊದಲು ಅದರ ಕೆಳಗೆ ಬೆರಳು ತೂರಿಸಿ ನೋಡಿದಳು. ಮುತ್ತಜ್ಜನ ಕಥೆಯನ್ನು ಅವಳಿಗೆ ನಾವೇ ಹೇಳಿದ್ದೆವು.