ನೇತ್ರಾಣಿಯ ಆಳದಲ್ಲಿ ಮಾಸ್ಕ್ ಕಳಚಿದರೆ...

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ತಲೆ ಎತ್ತಿ ನಿಂತಿದೆ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಈ ದ್ವೀಪದ ಕಡಿದಾದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ವಾಸ. ಬಂಡೆಗಳ ಬುಡದಲ್ಲಿ ಹವಳ ಮತ್ತು ಬಣ್ಣಬಣ್ಣದ ಮೀನುಗಳ ಸಂಸಾರ. ಮಳೆಗಾಲ ಮುಗಿದು ಕಡಲು ಶಾಂತವಾಯಿತೆಂದರೆ ಸ್ಕೂಬಾ ಮುಳುಗುಗಾರರ ದೋಣಿಗಳು ಇತ್ತ ಮುಖ ಮಾಡುತ್ತವೆ. ರಜೆಯಲ್ಲಿ ಬರುವ ವಿದ್ಯಾರ್ಥಿಗಳೂ ಅವರಲ್ಲಿರುತ್ತಾರೆ.

ಈ ಲೋಕವನ್ನು ಕಾಣಲು ಮಾಸ್ಕ್ ಬೇಕೇ ಬೇಕು. ಗಾಳಿಯಿಂದ ಬರುವ ಬೆಳಕನ್ನು ಬಾಗಿಸುವಷ್ಟು ಚೆನ್ನಾಗಿ ನೀರಿನಿಂದ ಬರುವ ಬೆಳಕನ್ನು ನಮ್ಮ ಕಣ್ಣು ಬಾಗಿಸಲಾರದು. ಆದ್ದರಿಂದ ಬರಿಗಣ್ಣಿಗೆ ನೀರಡಿಯಲ್ಲಿ ಎಲ್ಲವೂ ಮಸುಕು. ಮಾಸ್ಕ್ ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಡುತ್ತದೆ, ನೋಟ ತಿಳಿಯಾಗುತ್ತದೆ. ಮೀನು ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿಯೂ ಕಾಣುತ್ತದೆ!

ಜೊತೆಗಾರನ ಕಾಲು ತಗುಲಿಯೋ, ಹಳೆಯ ಪಟ್ಟಿ ಹರಿದೋ ಈ ಮಾಸ್ಕ್ ಕಳಚಿಹೋದರೆ? ಉಪ್ಪುನೀರು ಮೂಗಿಗೆ ನುಗ್ಗುತ್ತಲೇ ಹೊಸಬರು ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಲು ನೋಡುತ್ತಾರೆ. ನಿಜವಾದ ಅಪಾಯ ಇರುವುದು ಇಲ್ಲಿಯೇ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರಿದಂತೆಲ್ಲ ಹಿಗ್ಗುತ್ತದೆ. ಅದಕ್ಕೆ ಹೊರದಾರಿ ಸಿಗದಿದ್ದರೆ ಶ್ವಾಸಕೋಶವೇ ಹರಿಯಬಹುದು. ಮಾಸ್ಕ್ ಹೋದರೆ ಹೋಗುವುದು ನೋಟ ಮಾತ್ರ. ಉಸಿರು ಕೊಡುವುದು ಬಾಯಲ್ಲಿರುವ ರೆಗ್ಯುಲೇಟರ್; ಅದು ಬಾಯಲ್ಲಿರುವವರೆಗೆ ಗಾಳಿಗೆ ಕೊರತೆಯಿಲ್ಲ.

ಆದ್ದರಿಂದ ಮೊದಲು ನಿಲ್ಲಬೇಕು. ಬಾಯಿಂದ ಉಸಿರೆಳೆದು, ಮೂಗಿನಿಂದ ಮೆಲ್ಲಗೆ ಬಿಡಬೇಕು. ಜೊತೆಗಾರನ ತೋಳು ಹಿಡಿಯಬೇಕು. ಮಾಸ್ಕ್ ಸಿಕ್ಕಿತೋ, ಮುಖಕ್ಕೆ ಕೂರಿಸಿ ಮೇಲಂಚನ್ನು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತ ಮೂಗಿನಿಂದ ಜೋರಾಗಿ ಉಸಿರು ಬಿಟ್ಟರೆ ಒಳಗಿನ ನೀರು ಕೆಳಗಿನಿಂದ ಹೊರಬೀಳುತ್ತದೆ. ಸಿಗಲಿಲ್ಲವೋ, ಹೆಬ್ಬೆರಳು ಮೇಲೆತ್ತಬೇಕು. ನೀರಡಿಯ ಭಾಷೆಯಲ್ಲಿ ಇದರರ್ಥ 'ಶಹಭಾಸ್' ಅಲ್ಲ, 'ಮೇಲೆ ಹೋಗೋಣ' ಎಂದು! ಆಮೇಲೆ ಆಳ ತೋರಿಸುವ ಮಾಪಕವನ್ನು ಜೊತೆಗಾರ ನೋಡುತ್ತಾನೆ. ಇಬ್ಬರೂ ಉಸಿರಾಡುತ್ತಲೇ ನಿಧಾನವಾಗಿ ಏರುತ್ತಾರೆ.

ಓದಿದ ಮಾತ್ರಕ್ಕೆ ಇದು ಮೈಗೂಡುವುದಿಲ್ಲ. ಸ್ಕೂಬಾ ಶಿಕ್ಷಣದಲ್ಲಿ ಕಡಲಿಗಿಳಿಯುವ ಮೊದಲೇ ಈಜುಕೊಳದಲ್ಲಿ ಮಾಸ್ಕ್ ತೆಗೆಸಿ, ಹಾಗೆಯೇ ಉಸಿರಾಡಿಸುತ್ತಾರೆ, ಈಜಿಸುತ್ತಾರೆ. ಮಕ್ಕಳು ಬೇಸರಪಡುವ ಪಾಠವೂ ಇದೇ, ಜೀವ ಉಳಿಸುವ ಪಾಠವೂ ಇದೇ. ಒಂದೇ ದಿನದ ಪ್ರವಾಸಕ್ಕೆ ಬಂದವರಿಗೆ ಇಷ್ಟೆಲ್ಲ ಕಲಿಯಲು ಸಮಯವಿರದು. ಅವರು ತರಬೇತುದಾರರ ಕೈಯಳತೆಯಿಂದ ದೂರ ಸರಿಯಬಾರದು.

ತಂದೆ ತಾಯಂದಿರು ಮಕ್ಕಳನ್ನು ಕಳಿಸುವ ಮುನ್ನ ಎರಡು ವಿಷಯ ವಿಚಾರಿಸಲಿ: ಮಾಸ್ಕಿನ ಪಟ್ಟಿ ಬಿರುಕು ಬಿಟ್ಟಿಲ್ಲ ತಾನೆ? ಆಳಕ್ಕಿಳಿಸುವ ಮೊದಲು ಮೊಣಕಾಲುದ್ದದ ನೀರಿನಲ್ಲಾದರೂ ಅಭ್ಯಾಸ ಮಾಡಿಸುತ್ತಾರೆಯೆ? ಇಲ್ಲವೆಂದರೆ ಮುಂದಿನ ರಜೆಯವರೆಗೆ ಕಾಯುವುದೇ ಮೇಲು. ನೇತ್ರಾಣಿ ಎಲ್ಲಿಗೂ ಹೋಗುವುದಿಲ್ಲ.